ಅಪ್ಪ ಕೆಲಸ ಬಿಟ್ಟರೆ ಮಗುವಿನ ಜೀವನಾಂಶವೂ ನಿಲ್ಲುತ್ತದೆಯೇ?

ನಮಸ್ಕಾರ. ಜೀವನಾಂಶದ ವಿಷಯ ಎತ್ತಿದಾಗಲೆಲ್ಲ ವೀಕ್ಷಕರು ಒಂದು ಪ್ರಶ್ನೆ ಕೇಳುತ್ತಾರೆ. ಅಪ್ಪ ಸ್ವಯಂ ನಿವೃತ್ತಿ ತೆಗೆದುಕೊಂಡ, ಇಲ್ಲವೇ ರಾಜೀನಾಮೆ ಕೊಟ್ಟು ಮನೆಯಲ್ಲಿ ಕುಳಿತ. ಸಂಬಳವೇ ಇಲ್ಲದ ಮೇಲೆ ಮಗುವಿಗೆ ಎಲ್ಲಿಂದ ಕೊಡುತ್ತಾನೆ?

ನಿವೃತ್ತರಾಗುವ ಹೊತ್ತಿಗೆ ಮಕ್ಕಳ ಮದುವೆಯೇ ಆಗಿರುತ್ತದಲ್ಲ ಎನ್ನಬೇಡಿ. ಸೇನೆಯ ಜವಾನನಿಗೆ 15 ವರ್ಷದ ಸೇವೆಗೇ ಪಿಂಚಣಿ ಸಿಗುತ್ತದೆ. ಅವನು ಊರಿಗೆ ಮರಳುವಾಗ ಮಗು ಇನ್ನೂ ಮಗ್ಗಿ ಬಾಯಿಪಾಠ ಮಾಡುತ್ತಿರಬಹುದು.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡಿಸಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಸಂಖ್ಯೆ ಬದಲಾಯಿತು, ಹೊಣೆ ಬದಲಾಗಲಿಲ್ಲ.

[ಪರದೆಯ ಮೇಲೆ: 4,000 → 2,000 → 4,000]

ಈ ಮೂರು ಅಂಕಿಗಳ ಹಿಂದೆ ಲಖನೌದ ಒಂದು ಪ್ರಕರಣವಿದೆ. ಗಂಡ ಸೈನಿಕ. ಹೆಂಡತಿ ಅರ್ಜಿ ಹಾಕಿದ್ದು 1998ರಲ್ಲಿ, ಕೌಟುಂಬಿಕ ನ್ಯಾಯಾಲಯದ ಆದೇಶ ಬಂದದ್ದು 2012ರಲ್ಲಿ. ಹದಿನಾಲ್ಕು ವರ್ಷ! ಕೊನೆಗೆ ತಿಂಗಳಿಗೆ 4,000 ರೂಪಾಯಿ ಎಂದಾಯಿತು. ಅಷ್ಟರಲ್ಲಿ ಗಂಡ ನಿವೃತ್ತನಾದ; ಹೈಕೋರ್ಟ್ ಮೊತ್ತವನ್ನು 2,000ಕ್ಕೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ 4,000ಕ್ಕೆ ಏರಿಸಿತು. ನಿವೃತ್ತನಾದ ಎಂಬ ಒಂದೇ ಕಾರಣಕ್ಕೆ ಅರ್ಧ ಕಡಿತ ಮಾಡುವುದು ಸರಿಯಲ್ಲ, ಆಕೆಗೆ ಸಿಕ್ಕಿದ್ದೇನು ದೊಡ್ಡ ಐಶ್ವರ್ಯವಲ್ಲ ಎಂಬುದು ಅದರ ಮಾತಿನ ಸಾರ. ಇದು ಹೆಂಡತಿಯ ಜೀವನಾಂಶದ ಪ್ರಕರಣ ನಿಜ, ಆದರೆ ಮಗುವಿನ ಹಕ್ಕೂ ಅದೇ ಕಲಮಿನಲ್ಲಿದೆ.

ಅಂದರೆ ನ್ಯಾಯಾಲಯ ಸಂಬಳದ ಚೀಟಿಯನ್ನಷ್ಟೇ ನೋಡುವುದಿಲ್ಲ, ದುಡಿಯುವ ಶಕ್ತಿ ಇದೆಯೇ ಎಂದೂ ನೋಡುತ್ತದೆ. ಗಟ್ಟಿಮುಟ್ಟಾಗಿದ್ದರೆ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಹೇಳಿತು. ವಿಚಾರಣೆ ಹತ್ತಿರ ಬಂದಾಗ ಮಾತ್ರ ಕೆಲಸದ ಮೇಲೆ ವೈರಾಗ್ಯ ಹುಟ್ಟುವವರು ಈ ತೀರ್ಪನ್ನು ಓದಿಕೊಳ್ಳಲಿ.

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ: ಡಿಕ್ರಿಯನ್ನು, ಅಂದರೆ ಸಿವಿಲ್ ನ್ಯಾಯಾಲಯದ ತೀರ್ಮಾನವನ್ನು, ಜಾರಿಗೊಳಿಸುವಾಗ ಏನನ್ನು ಜಪ್ತಿ ಮಾಡಬಹುದು, ಏನನ್ನು ಮುಟ್ಟುವಂತಿಲ್ಲ ಎಂಬ ಪಟ್ಟಿ. ನೀವು ಸಾಲ ತೀರಿಸಲಿಲ್ಲ, ನಿಮ್ಮ ಮೇಲೆ ಡಿಕ್ರಿ ಆಯಿತು ಎಂದುಕೊಳ್ಳಿ. ಸಂಬಳದ ಮೊದಲ 1,000 ರೂಪಾಯಿ ನಿಮ್ಮದೇ, ಉಳಿದದ್ದರಲ್ಲಿ ಮೂರನೇ ಎರಡು ಭಾಗವೂ ನಿಮ್ಮದೇ. ಜೀವನಾಂಶದ ಡಿಕ್ರಿಯಾದರೆ ಲೆಕ್ಕ ತಲೆಕೆಳಗು. ನಿಮಗೆ ಉಳಿಯುವುದು ಮೂರನೇ ಒಂದು ಭಾಗ ಮಾತ್ರ.

[ಪರದೆಯ ಮೇಲೆ: ಸಂಬಳ 61,000. ಸಾಲಕ್ಕೆ: 20,000. ಜೀವನಾಂಶಕ್ಕೆ: ಸುಮಾರು 40,667]

ಇದು ಜಪ್ತಿಯ ಮಿತಿ, ತಿಂಗಳು ತಿಂಗಳು ಇಷ್ಟು ಹೋಗಿಯೇ ಹೋಗುತ್ತದೆ ಎಂದಲ್ಲ. ಇನ್ನೊಂದು ವ್ಯತ್ಯಾಸ ನೋಡಿ. ಒಂದೇ ಸಾಲದ ಡಿಕ್ರಿಗಾಗಿ ಸಂಬಳ ಒಟ್ಟು 24 ತಿಂಗಳು ಜಪ್ತಿಯಲ್ಲಿದ್ದರೆ, ಆ ಡಿಕ್ರಿಯ ಮಟ್ಟಿಗೆ ಸಂಬಳಕ್ಕೆ ಬಿಡುಗಡೆ. ಜೀವನಾಂಶಕ್ಕೆ ಆ ರಿಯಾಯಿತಿಯೇ ಇಲ್ಲ. ಬ್ಯಾಂಕಿನ ವಸೂಲಾತಿಗಿಂತ ಮಗುವಿನ ಊಟಕ್ಕೆ ಕಾನೂನು ಹೆಚ್ಚು ಬೆಲೆ ಕೊಟ್ಟಿದೆ. ಒಣ ಕಲಮುಗಳ ನಡುವೆ ಇಂಥದ್ದು ಸಿಕ್ಕಾಗ ನನಗೆ ಖುಷಿಯಾಗುತ್ತದೆ.

ನಿವೃತ್ತಿಯ ತೊಡಕು ಶುರುವಾಗುವುದೂ ಇಲ್ಲಿಯೇ. ಸಂಬಳ ಪಿಂಚಣಿಯಾದ ಕೂಡಲೇ ಅದಕ್ಕೊಂದು ಬೇಲಿ ಬರುತ್ತದೆ. ಸರ್ಕಾರಿ ಪಿಂಚಣಿಯನ್ನು ಸಾಲ ಕೊಟ್ಟವರು ಜಪ್ತಿ ಮಾಡಿಸುವಂತಿಲ್ಲ ಎಂದು 1871ರ ಪಿಂಚಣಿ ಕಾಯ್ದೆ ಹೇಳುತ್ತದೆ. ಗಂಡಂದಿರು ಇದರ ಹಿಂದೆ ಅಡಗಲು ನೋಡಿದ್ದಾರೆ. ಬಾಂಬೆ ಹೈಕೋರ್ಟ್ ಒಂದು ಪ್ರಕರಣದಲ್ಲಿ ಆ ವಾದ ಒಪ್ಪಲಿಲ್ಲ: ಜೀವನಾಂಶ ಕೇಳುವ ಹೆಂಡತಿ ಸಾಲ ಕೊಟ್ಟವಳಲ್ಲ, ಆದ್ದರಿಂದ ಪಿಂಚಣಿಯಿಂದಲೂ ವಸೂಲಿ ಮಾಡಬಹುದು ಎಂದಿತು. ಅದೇ ತರ್ಕ ಮಗುವಿಗೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಮಗು ಅಪ್ಪನಿಗೆ ಯಾವಾಗ ಸಾಲ ಕೊಟ್ಟಿತ್ತು?

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಆದಾಯ ನಿಜಕ್ಕೂ ಕುಸಿದಿದ್ದರೆ, ಕಾಯಿಲೆ ಬಿದ್ದು ಕೆಲಸ ಹೋಗಿದ್ದರೆ ದಾರಿ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಮೊತ್ತ ಬದಲಿಸಲು ಅರ್ಜಿ ಹಾಕಬಹುದು. ಆದರೆ ಆದೇಶ ಬದಲಾಗುವವರೆಗೆ ಹಳೆಯ ಮೊತ್ತವೇ ಬಾಕಿಯಾಗಿ ಬೆಳೆಯುತ್ತದೆ, ತಾನಾಗಿಯೇ ಕಡಿಮೆಯಾಗುವುದಿಲ್ಲ. 2020ರ ನವೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕು. ಮಕ್ಕಳಿಗಾಗಿ ಕೆಲಸ ಬಿಟ್ಟ ತಾಯಿಯ ತ್ಯಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಅದೇ ತೀರ್ಪು ಹೇಳುತ್ತದೆ. ಎಂದರೆ ಯಾರು ಏಕೆ ಕೆಲಸ ಬಿಟ್ಟರು ಎಂಬುದು ಮುಖ್ಯ. ಜೈಲಿಗೆ ಹೋಗಿ ಬಂದರೆ ಬಾಕಿ ಚುಕ್ತಾ ಎಂದು ನಂಬಿದವರಿದ್ದಾರೆ. ಇಲ್ಲ: ಸೆರೆವಾಸ ವಸೂಲಿಯ ಒಂದು ವಿಧಾನವಷ್ಟೇ, ಬಾಕಿ ಹಾಗೆಯೇ ಉಳಿಯುತ್ತದೆ ಎಂದು 1988ರಲ್ಲೇ ತೀರ್ಪಾಗಿದೆ.

ಹಣ ಬರಬೇಕಾದವರು ದಿನಾಂಕದ ಮೇಲೆ ಕಣ್ಣಿಡಿ. ಬಾಕಿ ವಸೂಲಿಗೆ 144ನೇ ಕಲಮಿನ ವಾರಂಟ್ ಬೇಕಿದ್ದರೆ, ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.