ಹೊಸ ಡೇಟಾಬೇಸ್ ಸರ್ವರ್ ಬಂತು: ಡೇಟಾ ತುಂಬೋ ಮುಂಚೆ ಡಿಸ್ಕ್ ಅಳೆಯೋದು ಹೇಗೆ?

[ಪರದೆ: ಟರ್ಮಿನಲ್. ಡಿಡಿ ಕಮಾಂಡ್ ಓಡಿ ಮುಗಿಯುತ್ತೆ.]

ನಮಸ್ಕಾರ. ಹೊಸ ಸರ್ವರ್ ಕೈಗೆ ಬಂದ ದಿನ ನಮ್ಮಲ್ಲಿ ಬಹಳ ಜನ ಮೊದಲು ಮಾಡೋದು ಇದನ್ನೇ. ಡೇಟಾ ನಕಲು ಮಾಡೋ ಡಿಡಿ ಕಮಾಂಡ್ ಹಾಕಿ ಒಂದು ಜಿಬಿಯಷ್ಟು ಸೊನ್ನೆಗಳನ್ನ ಒಂದು ಫೈಲಿಗೆ ಬರೆಯೋದು, ಕೊನೇ ಸಾಲಲ್ಲಿ ಬಂದ ಅಂಕಿ ನೋಡಿ "ಡಿಸ್ಕ್ ಭರ್ಜರಿಯಾಗಿದೆ" ಅಂದುಕೊಳ್ಳೋದು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಇನ್‌ಸ್ಟಾಲ್ ಮಾಡೋಕೆ ಹೋಗೋದು.

ಆ ಅಂಕಿ ಡಿಸ್ಕಿನದಲ್ಲ, ರ‍್ಯಾಮಿನದು. ನೀವು ಬರೆದದ್ದನ್ನ ಲಿನಕ್ಸ್ ಆ ಕ್ಷಣಕ್ಕೇ ಡಿಸ್ಕಿಗೆ ಕಳಿಸಲ್ಲ. ಪೇಜ್ ಕ್ಯಾಶ್‌ನಲ್ಲಿ, ಅಂದ್ರೆ ಮೆಮೊರಿಯಲ್ಲೇ ಇಟ್ಕೊಂಡು "ಆಯ್ತು" ಅನ್ನುತ್ತೆ, ಆಮೇಲೆ ನಿಧಾನವಾಗಿ ಕೆಳಗೆ ಇಳಿಸುತ್ತೆ. 64 ಜಿಬಿ ರ‍್ಯಾಮ್ ಇರೋ ಯಂತ್ರದಲ್ಲಿ ಒಂದು ಜಿಬಿ ಬರೆದ್ರೆ ಡಿಡಿ ಮುಗಿಯೋ ಹೊತ್ತಿಗೆ ಡಿಸ್ಕಿಗೆ ಸುದ್ದಿನೇ ಮುಟ್ಟಿರಲ್ಲ ಅನ್ನಬಹುದು. ಕ್ಯಾಶ್ ದಾಟಿ ಹೋಗೋಕೆ ಡಿಡಿಯಲ್ಲೇ ಡೈರೆಕ್ಟ್ ಅನ್ನೋ ಆಯ್ಕೆ ಇದೆ, ನಿಜ. ಆದ್ರೆ ಆಗಲೂ ನೀವು ಅಳೆಯೋದು ದೊಡ್ಡ ದೊಡ್ಡ ತುಂಡುಗಳನ್ನ ಸಾಲಾಗಿ ಬರೆಯೋ ವೇಗ. ಬ್ಯಾಕಪ್ ತೆಗೆಯುವಾಗ, ಇಡೀ ಟೇಬಲ್ ಓದುವಾಗ ಅದು ಬೇಕಾಗುತ್ತೆ. ದಿನವಿಡೀ ನಡೆಯೋ ವ್ಯವಹಾರದಲ್ಲಿ ಡೇಟಾಬೇಸ್ ಡಿಸ್ಕನ್ನ ಹಾಗೆ ಬಳಸೋದೇ ಇಲ್ಲ.

ಹಾಗಾದ್ರೆ ಹೇಗೆ ಬಳಸುತ್ತೆ?

[ಪರದೆ: ಎರಡು ಪುಸ್ತಕಗಳ ಚಿತ್ರ. ಒಂದರ ಮೇಲೆ ದಿನವಹಿ, ಇನ್ನೊಂದರ ಮೇಲೆ ಖಾತೆವಹಿ.]

ಅಡಿಕೆ ಮಂಡಿಯ ಹಳೇ ಕಾಲದ ಲೆಕ್ಕದ ಪದ್ಧತಿ ನೆನಪು ಮಾಡ್ಕೊಳ್ಳಿ. ಗುಮಾಸ್ತರ ಹತ್ರ ಎರಡು ಪುಸ್ತಕ. ವ್ಯವಹಾರ ನಡೆದ ತಕ್ಷಣ ದಿನವಹಿಯಲ್ಲಿ ಒಂದು ಸಾಲು, ನಡೆದ ಕ್ರಮದಲ್ಲೇ, ಒಂದರ ಕೆಳಗೊಂದು. ಆ ಸಾಲು ಬಿದ್ದ ಮೇಲೇ ಬೆಳೆಗಾರ ಎದ್ದು ಹೋಗೋದು. ಯಾರ ಖಾತೆಗೆ ಎಷ್ಟು ಅಂತ ಖಾತೆವಹಿಗೆ ಏರಿಸೋ ಕೆಲಸ ಸಂಜೆಗೆ. ಅದಕ್ಕೆ ಹಾಳೆ ಹಿಂದೆ ಮುಂದೆ ತಿರುವಬೇಕು, ಒಬ್ಬೊಬ್ಬರ ಪುಟ ಒಂದೊಂದು ಕಡೆ ಇರುತ್ತೆ.

ಪೋಸ್ಟ್‌ಗ್ರೆಸ್ ಮಾಡೋದೂ ಇದನ್ನೇ. ದಿನವಹಿಗೆ ಅಲ್ಲಿ ರೈಟ್ ಅಹೆಡ್ ಲಾಗ್ ಅಂತ ಹೆಸರು, ಬಾಯಿಮಾತಲ್ಲಿ ವಾಲ್. ನೀವು ಕಮಿಟ್, ಅಂದ್ರೆ ವ್ಯವಹಾರ ಪಕ್ಕಾ ಮಾಡು, ಅಂದಾಗ ವಾಲ್‌ಗೆ ಬರೆದು, "ಇದು ನಿಜವಾಗಿ ಡಿಸ್ಕಿಗೆ ಇಳೀತಾ?" ಅಂತ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೇಳಿ, ಉತ್ತರ ಬರೋವರೆಗೂ ಕಾಯುತ್ತೆ. ಆ ಕೇಳಿಕೆಯ ಹೆಸರೇ ಎಫ್‌ಸಿಂಕ್. ಟೇಬಲ್‌ಗಳ ಪುಟಗಳು ಆಮೇಲೆ, ಚೆಕ್‌ಪಾಯಿಂಟ್ ಅನ್ನೋ, ಆಗಾಗ ಒಟ್ಟಿಗೆ ಇಳಿಸೋ ಹೊತ್ತಲ್ಲಿ ಇಳಿಯುತ್ತವೆ. ಪುಟದ ಅಳತೆ ಪೋಸ್ಟ್‌ಗ್ರೆಸ್‌ನಲ್ಲಿ 8 ಕೆಬಿ. ಮೈಸೀಕ್ವೆಲ್‌ನ ಇನ್ನೋಡಿಬಿ ಅನ್ನೋ ಸಂಗ್ರಹ ವ್ಯವಸ್ಥೆಯಲ್ಲಿ, ನೀವಾಗಿ ಬದಲಾಯಿಸದೆ ಇದ್ರೆ, 16 ಕೆಬಿ.

ಅಂದ್ರೆ ನಮಗೆ ಬೇಕಾಗಿರೋ ಪ್ರಶ್ನೆಗಳು ಎರಡೇ. ಒಂದು ಎಫ್‌ಸಿಂಕ್‌ಗೆ ಎಷ್ಟು ಹೊತ್ತು? ಚೆಲ್ಲಾಪಿಲ್ಲಿಯಾಗಿರೋ ಸಣ್ಣ ಪುಟಗಳನ್ನ ಓದೋಕೆ ಎಷ್ಟು ಹೊತ್ತು? ಸೆಕೆಂಡಿಗೆ ಎಷ್ಟು ಎಂಬಿ ಅನ್ನೋದು ಇವೆರಡರ ನಂತರದ ಮಾತು. ಮೊದಲನೇ ಪ್ರಶ್ನೆ ಮೇಲೆ ನಾನು ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಜನ ಅಳೆಯದೆ ಬಿಡೋದು ಅದನ್ನೇ.

[ಪರದೆ: ಪಿಜಿ ಟೆಸ್ಟ್ ಎಫ್‌ಸಿಂಕ್ ಓಡ್ತಿದೆ.]

ಪೋಸ್ಟ್‌ಗ್ರೆಸ್ ಜೊತೆಗೇ ಒಂದು ಪುಟ್ಟ ಪ್ರೋಗ್ರಾಂ ಬರುತ್ತೆ, ಪಿಜಿ ಟೆಸ್ಟ್ ಎಫ್‌ಸಿಂಕ್. ಬಳಸೋದು ತುಂಬಾ ಸುಲಭ, ಆದ್ರೆ ಒಂದು ಎಚ್ಚರ ಬೇಕು: ವಾಲ್ ಯಾವ ಡಿಸ್ಕಿನಲ್ಲಿ ಇರಬೇಕೋ ಅದೇ ಡಿಸ್ಕಿನ ಫೋಲ್ಡರ್‌ಗೆ ಹೋಗಿ ಓಡಿಸಿ. ಟೆಂಪ್ ಫೋಲ್ಡರ್‌ನಲ್ಲಿ ನಿಂತು ಓಡಿಸಿದ್ರೆ, ಕೆಲವು ಸಿಸ್ಟಮ್‌ಗಳಲ್ಲಿ ಅದು ಮೆಮೊರಿಯಲ್ಲೇ ಇರುತ್ತೆ, ಮತ್ತೆ ರ‍್ಯಾಮನ್ನೇ ಅಳೆದಂಗಾಗುತ್ತೆ.

ಸಾಲು ಸಾಲಾಗಿ ಹೆಸರುಗಳು ಬರುತ್ತವೆ, ನೋಡಿ. ಓಪನ್ ಡೇಟಾಸಿಂಕ್, ಎಫ್‌ಡೇಟಾಸಿಂಕ್, ಎಫ್‌ಸಿಂಕ್, ಓಪನ್ ಸಿಂಕ್. ಡಿಸ್ಕಿಗೆ ಇಳಿಸೋ ಬೇರೆ ಬೇರೆ ದಾರಿಗಳು ಇವು. ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ತಾನಾಗಿ ಆರಿಸ್ಕೊಳ್ಳೋದು ಎಫ್‌ಡೇಟಾಸಿಂಕ್, ಹಾಗಾಗಿ ಕಣ್ಣು ಆ ಸಾಲಿನ ಮೇಲೆ ಇರಲಿ. ಬಲಗಡೆ ಎರಡು ಅಂಕಿ: ಸೆಕೆಂಡಿಗೆ ಎಷ್ಟು ಸಲ ಆಯ್ತು, ಒಂದು ಸಲಕ್ಕೆ ಎಷ್ಟು ಮೈಕ್ರೋಸೆಕೆಂಡ್ ಹಿಡೀತು. ಒಂದಕ್ಕೆ 2,000 ಮೈಕ್ರೋಸೆಕೆಂಡ್ ಅಂದ್ರೆ 2 ಮಿಲಿಸೆಕೆಂಡ್. ಆಗ ಒಂದು ಕನೆಕ್ಷನ್‌ನಿಂದ ಸೆಕೆಂಡಿಗೆ 500ಕ್ಕಿಂತ ಹೆಚ್ಚು ಕಮಿಟ್ ಸಾಧ್ಯವೇ ಇಲ್ಲ. ಸಿಪಿಯು ಎಷ್ಟೇ ಕೋರ್ ಇರಲಿ, ರ‍್ಯಾಮ್ ಎಷ್ಟೇ ಇರಲಿ.

ಈಗ ಬಂದ ಅಂಕಿಯನ್ನ ನಂಬಬಹುದಾ ಅಂತ ಪರೀಕ್ಷೆ ಮಾಡೋಣ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಲೆಕ್ಕ ಇದು. ತಿರುಗೋ ಹಾರ್ಡ್ ಡಿಸ್ಕ್, ನಿಮಿಷಕ್ಕೆ 7,200 ಸುತ್ತು. ಅಂದ್ರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ವಾಲ್‌ನ ಅದೇ ಜಾಗದ ಮುಂದೆ ಮತ್ತೊಂದು ಸಾಲು ಬರೀಬೇಕಾದ್ರೆ ಆ ಜಾಗ ಸುತ್ತಿ ಬಂದು ಮತ್ತೆ ಹೆಡ್ ಕೆಳಗೆ ನಿಲ್ಲಬೇಕು. ಹಾಗಾಗಿ ಒಬ್ಬನೇ ಬರೆಯೋವಾಗ ಸೆಕೆಂಡಿಗೆ ಹೆಚ್ಚೂ ಕಡಿಮೆ 120 ಎಫ್‌ಸಿಂಕ್, ಅದರ ಮೇಲೆ ಹೋಗಲ್ಲ. 15,000 ಸುತ್ತಿನ ಡಿಸ್ಕ್ ಆದ್ರೆ 250. ಇಂಥ ಡಿಸ್ಕ್ ನಿಮಗೆ ಸೆಕೆಂಡಿಗೆ 5,000 ತೋರಿಸಿದ್ರೆ ಖುಷಿ ಪಡಬೇಡಿ. ನಡುವೆ ಯಾರೋ ಡೇಟಾ ಹಿಡಿದಿಟ್ಕೊಂಡು "ಇಳೀತು" ಅಂತ ಹೇಳ್ತಿದ್ದಾರೆ. ಅದು ಬ್ಯಾಟರಿ ಇರೋ ರೈಡ್ ಕಾರ್ಡ್, ಅಂದ್ರೆ ಹಲವು ಡಿಸ್ಕುಗಳನ್ನ ಒಂದಾಗಿ ನಡೆಸೋ ಕಾರ್ಡ್ ಆಗಿದ್ರೆ ಸರಿ, ಕರೆಂಟ್ ಹೋದ್ರೂ ಡೇಟಾ ಉಳಿಯುತ್ತೆ. ಡಿಸ್ಕಿನ ಒಳಗಿರೋ ಬರೀ ಮೆಮೊರಿ ಆಗಿದ್ರೆ, ಕರೆಂಟ್ ಹೋದ ದಿನ "ಕಮಿಟ್ ಆಯ್ತು" ಅಂತ ಗ್ರಾಹಕರಿಗೆ ಹೇಳಿದ ವ್ಯವಹಾರ ಮಾಯ.

ಎಸ್‌ಎಸ್‌ಡಿಯಲ್ಲಿ ಸುತ್ತು ಇಲ್ಲ, ಆದ್ರೆ ಪ್ರಶ್ನೆ ಅದೇ. ಸರ್ವರ್‌ಗೆ ಅಂತಲೇ ಮಾಡಿದ ಎಸ್‌ಎಸ್‌ಡಿಗಳ ಬೋರ್ಡಿನ ಮೇಲೆ ಸಾಲಾಗಿ ಕೆಪಾಸಿಟರ್‌ಗಳು ಇರುತ್ತವೆ. ಕರೆಂಟ್ ಹೋದಾಗ ಒಳಗಿನ ಮೆಮೊರಿಯಲ್ಲಿ ಇರೋದನ್ನ ಫ್ಲ್ಯಾಶ್‌ಗೆ ಇಳಿಸೋಕೆ ಬೇಕಾಗೋಷ್ಟು ಹೊತ್ತು ಅವು ಜೀವ ಹಿಡಿಯುತ್ತವೆ. ಆ ಭರವಸೆ ಇರೋದ್ರಿಂದ ಅವು ಎಫ್‌ಸಿಂಕ್‌ಗೆ ಹತ್ತಾರು ಮೈಕ್ರೋಸೆಕೆಂಡಲ್ಲೇ ಉತ್ತರ ಕೊಡಬಲ್ಲವು. ಲ್ಯಾಪ್‌ಟಾಪ್‌ಗೆ ಅಂತ ಮಾರೋ ಎಸ್‌ಎಸ್‌ಡಿಯಲ್ಲಿ ಸಾಮಾನ್ಯವಾಗಿ ಆ ಕೆಪಾಸಿಟರ್ ಇಲ್ಲ. ಪ್ರಾಮಾಣಿಕವಾದ ಡಿಸ್ಕ್ ಆಗಿದ್ರೆ ಪ್ರತಿ ಎಫ್‌ಸಿಂಕ್‌ಗೂ ಫ್ಲ್ಯಾಶ್‌ವರೆಗೆ ಹೋಗಿ ಬರಬೇಕು, ಮಿಲಿಸೆಕೆಂಡ್‌ಗಳ ಲೆಕ್ಕ ಬರುತ್ತೆ. ಡಬ್ಬದ ಮೇಲೆ ಎರಡಕ್ಕೂ ಒಂದೇ ಥರದ ಎಂಬಿ ಅಂಕಿ ಅಚ್ಚಾಗಿರಬಹುದು. ಡೇಟಾಬೇಸ್ ಕೆಳಗೆ ಇಟ್ಟಾಗ ಒಂದಕ್ಕೊಂದು ಹೋಲಿಕೆಯೇ ಇರಲ್ಲ.

"ಹಾಗಾದ್ರೆ ಎಫ್‌ಸಿಂಕ್ ಆಫ್ ಮಾಡಿಬಿಡೋಣ" ಅಂತ ಕೆಲವರು ಕಾನ್ಫಿಗ್ ಫೈಲಿಗೆ ಕೈ ಹಾಕ್ತಾರೆ. ದಯವಿಟ್ಟು ಬೇಡ. ಅದರಿಂದ ಇಡೀ ಡೇಟಾಬೇಸೇ ಕೆಡಬಹುದು. ಕೊನೆಯ ಕೆಲವು ವ್ಯವಹಾರ ಹೋದ್ರೂ ಪರವಾಗಿಲ್ಲ ಅನ್ನೋ ಕಡೆ ಸಿಂಕ್ರನಸ್ ಕಮಿಟ್ ಆಫ್ ಮಾಡೋ ದಾರಿ ಬೇರೆ ಇದೆ. ಅದು ಕಾಯೋದನ್ನ ಮಾತ್ರ ಬಿಡುತ್ತೆ, ಡೇಟಾಬೇಸ್ ಕೆಡಿಸಲ್ಲ. ದುಡ್ಡಿನ ಲೆಕ್ಕ ಇರೋ ಕಡೆ ಎರಡೂ ಬೇಡ.

[ಪರದೆ: ಫಿಯೋ ಕಮಾಂಡ್, ಆಯ್ಕೆಗಳು ಒಂದೊಂದಾಗಿ ಬೆಳಗುತ್ತವೆ.]

ಎರಡನೇ ಪ್ರಶ್ನೆಗೆ ಫಿಯೋ, ಡಿಸ್ಕ್ ಪರೀಕ್ಷಿಸೋ ಪ್ರೋಗ್ರಾಂ. ಲಿನಕ್ಸ್ ಕರ್ನಲ್‌ನ ಬ್ಲಾಕ್ ವಿಭಾಗ ನೋಡಿಕೊಳ್ಳೋ ಜೆನ್ಸ್ ಆಕ್ಸ್‌ಬೋ ಬರೆದದ್ದು. ಒಂದೊಂದು ಥರದ ಕೆಲಸ ಪರೀಕ್ಷಿಸೋಕೂ ಒಂದೊಂದು ಪ್ರೋಗ್ರಾಂ ಬರೀಬೇಕಾದ ತಾಪತ್ರಯ ತಪ್ಪಿಸ್ಕೊಳ್ಳೋಕೆ ಇದನ್ನ ಬರೆದೆ ಅಂತ ಅವರೇ ಹೇಳಿದ್ದಾರೆ. ಆಯ್ಕೆಗಳು ನೂರಾರು ಇವೆ, ನಮಗೆ ಬೇಕಾಗಿರೋದು ಕೆಲವೇ. ರ‍್ಯಾಂಡಮ್ ರೀಡ್. ಬ್ಲಾಕ್ ಸೈಜ್ 8 ಕೆಬಿ, ಮೈಸೀಕ್ವೆಲ್ ಆದ್ರೆ 16. ಡೈರೆಕ್ಟ್ 1, ಕ್ಯಾಶ್ ನಡುವೆ ಬರದ ಹಾಗೆ. ಫೈಲ್ ಅಳತೆ ನಿಮ್ಮ ರ‍್ಯಾಮಿನ ಎರಡರಷ್ಟು. ಟೈಮ್ ಬೇಸ್ಡ್, ಹತ್ತು ನಿಮಿಷಕ್ಕೆ ಕಡಿಮೆ ಇಲ್ಲದ ಹಾಗೆ. ಮತ್ತೆ ಐಓ ಡೆಪ್ತ್; ಐಓ ಅಂದ್ರೆ ಡಿಸ್ಕಿನ ಒಂದು ಓದು ಅಥವಾ ಬರಹ.

ಒಂದು ಮಾತು ಈಗಲೇ ಹೇಳಿಬಿಡ್ತೀನಿ: ಫೈಲ್ ಹೆಸರಿನ ಜಾಗದಲ್ಲಿ ಡಿಸ್ಕಿನ ಡಿವೈಸ್ ಹೆಸರನ್ನೇ ಕೊಟ್ಟು ಬರೆಯೋ ಪರೀಕ್ಷೆ ಓಡಿಸಿದ್ರೆ ಅಲ್ಲಿರೋದೆಲ್ಲ ಅಳಿಸಿ ಹೋಗುತ್ತೆ. ಫಿಯೋ ಕೇಳಲ್ಲ. ಎಂಟರ್ ಒತ್ತೋ ಮುಂಚೆ ಆ ಸಾಲನ್ನ ಇನ್ನೊಮ್ಮೆ ಓದಿ.

[ಪರದೆ: ದರ್ಶಿನಿಯ ದೋಸೆ ಕಾವಲಿ.]

ಐಓ ಡೆಪ್ತ್ ಅಂದ್ರೆ ಏನು? ದರ್ಶಿನಿಯಲ್ಲಿ ದೊಡ್ಡ ಕಾವಲಿ ನೋಡಿರ್ತೀರಿ, ಒಂದೇ ಸಲ ಹನ್ನೆರಡು ದೋಸೆ ಹೊಯ್ತಾರೆ. ಗಂಟೆಗೆ ಹೊರಡೋ ದೋಸೆಗಳ ಸಂಖ್ಯೆ ದೊಡ್ಡದಾಗುತ್ತೆ, ಆದ್ರೆ ನಿಮ್ಮ ಒಂದು ದೋಸೆ ಬೇಯೋಕೆ ಬೇಕಾದ ಹೊತ್ತು ಬೇಕೇ ಬೇಕು. ಡೆಪ್ತ್ 1 ಅಂದ್ರೆ ಕಾವಲಿ ಮೇಲೆ ಒಂದೇ ದೋಸೆ. ಡೆಪ್ತ್ 32 ಅಂದ್ರೆ ಒಟ್ಟಿಗೆ 32 ಕೋರಿಕೆ. ಲೆಕ್ಕ ಹಾಕಿ: ಒಂದು ಓದಿಗೆ 0.1 ಮಿಲಿಸೆಕೆಂಡ್ ಹಿಡಿದ್ರೆ ಡೆಪ್ತ್ 1ರಲ್ಲಿ ಸೆಕೆಂಡಿಗೆ 10,000 ಓದು. ಡೆಪ್ತ್ 32ರಲ್ಲಿ ಪ್ರತಿ ಓದೂ 2 ಮಿಲಿಸೆಕೆಂಡ್ ಆದ್ರೆ 16,000. ಅಂಕಿ ಏರಿದೆ, ಆದ್ರೆ ಪ್ರತಿಯೊಬ್ಬರೂ ಇಪ್ಪತ್ತು ಪಟ್ಟು ಕಾದಿದ್ದಾರೆ. ಅದಕ್ಕೇ ಡೆಪ್ತ್ 1ರಿಂದ ಶುರು ಮಾಡಿ 2, 4, 8 ಅಂತ ದುಪ್ಪಟ್ಟು ಮಾಡ್ತಾ ಹೋಗಿ. ಓದುಗಳ ಸಂಖ್ಯೆ ಏರೋದು ನಿಂತು ಕಾಯೋ ಹೊತ್ತು ಮಾತ್ರ ಏರ್ತಾ ಹೋಗೋ ಜಾಗ ಒಂದು ಸಿಗುತ್ತೆ. ಈ ಡಿಸ್ಕಿನಿಂದ ನಿಮಗೆ ಸಿಗೋದು ಅಷ್ಟೇ.

ಫಲಿತಾಂಶದಲ್ಲಿ ಸರಾಸರಿ ನೋಡಿ ಮುಗಿಸಬೇಡಿ. ಕೆಳಗೆ ಪರ್ಸೆಂಟೈಲ್ ಪಟ್ಟಿ, ಅಂದ್ರೆ ನೂರಕ್ಕೆ ಎಷ್ಟು ಓದು ಎಷ್ಟು ಹೊತ್ತಿನೊಳಗೆ ಮುಗೀತು ಅನ್ನೋ ಪಟ್ಟಿ ಇರುತ್ತೆ, 99 ಮತ್ತು 99.9ರ ಸಾಲು ಓದಿ. ನೂರರಲ್ಲಿ ಒಂದು ಓದು 50 ಮಿಲಿಸೆಕೆಂಡ್ ಅಂತಿದ್ರೆ, ಒಂದು ವೆಬ್ ಪೇಜ್ ತೆರೆಯೋಕೆ ನೂರು ಓದು ಬೇಕಾದಾಗ ಬಹುಪಾಲು ಪೇಜುಗಳಿಗೂ ಆ 50 ತಟ್ಟುತ್ತೆ. ಕಂಟೇನರ್‌ಗಳನ್ನ ನಡೆಸೋ ಕುಬರ್ನೆಟಿಸ್ ಕೆಳಗೆ ಅದರ ಡೇಟಾ ಇಡೋ ಎಟ್‌ಸಿಡಿ ಗೊತ್ತಲ್ಲ, ಅದರ ತಂಡ ಕೂಡ ಸರಾಸರಿ ಕೇಳಲ್ಲ. ಲಾಗ್‌ನ ಎಫ್‌ಸಿಂಕ್‌ನ 99ನೇ ಪರ್ಸೆಂಟೈಲ್ 10 ಮಿಲಿಸೆಕೆಂಡ್ ಒಳಗಿರಲಿ ಅನ್ನುತ್ತೆ.

ಹತ್ತು ನಿಮಿಷ ಯಾಕೆ ಅಂದೆ? ಹೊಸ ಎಸ್‌ಎಸ್‌ಡಿ ಮೊದಲ ದಿನ ತೋರಿಸೋ ವೇಗ ಆರು ತಿಂಗಳ ಮೇಲೆ ಇರಲ್ಲ. ಖಾಲಿ ಫ್ಲ್ಯಾಶ್‌ಗೆ ಬರೆಯೋದು ಸುಲಭ. ತುಂಬಿದ ಮೇಲೆ ಹಳೆಯದನ್ನ ಒಟ್ಟು ಮಾಡಿ, ಅಳಿಸಿ, ಜಾಗ ಮಾಡಿ ಬರೀಬೇಕು. ಅಗ್ಗದ ಎಸ್‌ಎಸ್‌ಡಿಗಳು ಮೊದಲ ಕೆಲವು ಜಿಬಿಗಳನ್ನ ವೇಗದ ಕ್ಯಾಶ್‌ನಲ್ಲಿ ಹಿಡಿದು, ಅದು ತುಂಬಿದ ಕೂಡಲೇ ಕುಸಿಯುತ್ತವೆ. ಹಾಗಾಗಿ ಸಾಧ್ಯವಾದ್ರೆ ಡಿಸ್ಕಿನ ಪೂರ್ತಿ ಅಳತೆಯಷ್ಟನ್ನ ಎರಡು ಸಲ ಬರೆದು, ಆಮೇಲೆ ಅಳೆಯಿರಿ. ಹೊಸ ಡಿಸ್ಕಿನ ಮೇಲೆ ಏನೂ ಬರೆಯದೆ ನೇರ ಡಿವೈಸ್‌ನಿಂದ ಓದೋ ಪರೀಕ್ಷೆ ಮಾಡೋದೂ ತಪ್ಪು. ಅಲ್ಲಿ ಓದೋಕೆ ಏನೂ ಇಲ್ಲ ಅಂತ ಡಿಸ್ಕಿಗೆ ಗೊತ್ತು, ಫ್ಲ್ಯಾಶ್ ಮುಟ್ಟದೇ ಸೊನ್ನೆ ಕೊಡುತ್ತೆ.

[ಪರದೆ: ಗ್ರಾಫ್. 3,000ದಲ್ಲಿ ನೇರ ಗೆರೆ, ಅರ್ಧ ಗಂಟೆಯಾದ ಮೇಲೆ ಧಡಕ್ಕನೆ 300ಕ್ಕೆ.]

ಕ್ಲೌಡ್‌ನಲ್ಲಿ ಇರೋರಿಗೆ ಈ ಗ್ರಾಫ್. ಅಮೆಜಾನ್‌ನ ಜಿಪಿ2 ವಾಲ್ಯೂಮ್, ಅಂದ್ರೆ ಬಾಡಿಗೆಗೆ ಸಿಗೋ ಡಿಸ್ಕ್, 100 ಜಿಬಿ. ಜಿಬಿಗೆ 3ರ ಲೆಕ್ಕದಲ್ಲಿ ಸೆಕೆಂಡಿಗೆ 300 ಐಓ ನಿಮ್ಮ ಹಕ್ಕು. ಜೊತೆಗೆ 54 ಲಕ್ಷ ಕ್ರೆಡಿಟ್ ಕೈಯಲ್ಲಿ ಕೊಟ್ಟಿರ್ತಾರೆ, ಅದು ಇರೋವರೆಗೂ 3,000 ಓಡುತ್ತೆ. ಅರ್ಧ ಗಂಟೆ ದಾಟಿದ ಮೇಲೆ ಹತ್ತನೇ ಒಂದು ಭಾಗ. ಐದು ನಿಮಿಷ ಬೆಂಚ್‌ಮಾರ್ಕ್ ಮಾಡಿ ಸರ್ವರ್ ಚಾಲೂ ಮಾಡಿದವರಿಗೆ ಇದು ಗೊತ್ತಾಗೋದು ಕೆಲಸದ ಹೊತ್ತಲ್ಲಿ. 2020ರ ಕೊನೆಗೆ ಬಂದ ಜಿಪಿ3ಯಲ್ಲಿ ಈ ಕ್ರೆಡಿಟ್ ಆಟ ಇಲ್ಲ, ವಾಲ್ಯೂಮ್ ಚಿಕ್ಕದಾದ್ರೂ 3,000 ಐಓ, ಸೆಕೆಂಡಿಗೆ 125 ಎಂಬಿ ಮೂಲ ಮಟ್ಟ. ಆದ್ರೆ ಇದನ್ನೂ ಗುಣಿಸಿ ನೋಡಿ: 3,000 ಸಲ 8 ಕೆಬಿ ಅಂದ್ರೆ ಸುಮಾರು 24 ಎಂಬಿ. ಡಿಡಿ 125 ತೋರಿಸುತ್ತೆ, ಚೆಲ್ಲಾಪಿಲ್ಲಿ ಓದೋ ನಿಮ್ಮ ಡೇಟಾಬೇಸ್‌ಗೆ ಸಿಗೋದು ಅದರ ಐದನೇ ಒಂದು ಭಾಗ. ಸ್ನ್ಯಾಪ್‌ಶಾಟ್‌ನಿಂದ, ಅಂದ್ರೆ ಮೊದಲು ತೆಗೆದಿಟ್ಟ ಪ್ರತಿಯಿಂದ ಎಬ್ಬಿಸಿದ ವಾಲ್ಯೂಮ್ ಆದ್ರೆ ಪ್ರತಿ ಬ್ಲಾಕ್ ಮೊದಲ ಸಲ ಮುಟ್ಟಿದಾಗ ಹಿಂದಿನ ಸಂಗ್ರಹದಿಂದ ಎಳೆದು ತರಬೇಕು. ಇಡೀ ವಾಲ್ಯೂಮ್ ಒಮ್ಮೆ ಓದಿಸಿ ಆಮೇಲೆ ಅಳೆಯಿರಿ.

ರೈಡ್ ಬಗ್ಗೆ ಒಂದೇ ಮಾತು. ರೈಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಹಳೇ ಡೇಟಾ ಓದು, ಹಳೇ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಡೇಟಾ ಮತ್ತೆ ಕಟ್ಟೋಕೆ ಇಡೋ ಲೆಕ್ಕ) ಓದು, ಹೊಸ ಡೇಟಾ ಬರಿ, ಹೊಸ ಪ್ಯಾರಿಟಿ ಬರಿ, ಒಟ್ಟು ನಾಲ್ಕು ಕೆಲಸ. ರೈಡ್ 10ರಲ್ಲಿ ಎರಡು. ಬರಹ ಹೆಚ್ಚಿರೋ ಡೇಟಾಬೇಸ್‌ಗೆ ನಾನು 10 ಬಿಟ್ಟು ಬೇರೆ ಹಾಕಲ್ಲ.

ಇಷ್ಟಾದ ಮೇಲೆ ಪೋಸ್ಟ್‌ಗ್ರೆಸ್‌ನದೇ ಪರೀಕ್ಷೆ ಪ್ರೋಗ್ರಾಂ ಪಿಜಿಬೆಂಚ್ ಓಡಿಸಿ, ಡೇಟಾ ರ‍್ಯಾಮ್ ಮೀರೋ ಹಾಗೆ ಸ್ಕೇಲ್ ಇಟ್ಟು. ಹತ್ತಾರು ಕನೆಕ್ಷನ್ ಒಟ್ಟಿಗೆ ಕಮಿಟ್ ಮಾಡಿದಾಗ ಪೋಸ್ಟ್‌ಗ್ರೆಸ್ ಒಂದೇ ಎಫ್‌ಸಿಂಕ್‌ನಲ್ಲಿ ಹಲವರ ಸಾಲು ಇಳಿಸುತ್ತೆ, ಹಾಗಾಗಿ ಅಲ್ಲಿನ ಅಂಕಿ ನೀವು ಮೊದಲು ಅಳೆದ ಎಫ್‌ಸಿಂಕ್ ಸಂಖ್ಯೆಗಿಂತ ಮೇಲೆ ಹೋದ್ರೆ ಗಾಬರಿ ಬೇಡ. ಒಂದೇ ಕನೆಕ್ಷನ್ ಇದ್ದಾಗಲೂ ಮೇಲೆ ಹೋದ್ರೆ ಮಾತ್ರ ಎಲ್ಲೋ ತಪ್ಪಿದೆ.

[ಪರದೆ: ಒಂದು ಟೆಕ್ಸ್ಟ್ ಫೈಲ್, ತಾರೀಖಿನ ಸಮೇತ.]

ಈ ಎಲ್ಲ ಫಲಿತಾಂಶಗಳನ್ನ ಒಂದು ಫೈಲಿಗೆ ಹಾಕಿ: ತಾರೀಖು, ಕರ್ನಲ್ ವರ್ಷನ್, ಫೈಲ್‌ಸಿಸ್ಟಮ್, ಓಡಿಸಿದ ಕಮಾಂಡ್ ಅಕ್ಷರಕ್ಕೆ ಅಕ್ಷರ. ಬೇರೆ ಯಂತ್ರದಲ್ಲಿ ಇಡಿ. ನಾನು ನೋಡಿಕೊಳ್ತಿದ್ದ ಒಂದು ಡೇಟಾಬೇಸ್ ಆಗೊಮ್ಮೆ ಈಗೊಮ್ಮೆ ಕೆಲವು ಗಂಟೆ ಸುಸ್ತಾಗಿ ಮಲಗಿಬಿಡ್ತಿತ್ತು. ಕ್ವೆರಿಗಳನ್ನ ತಿದ್ದಿದ್ವಿ, ಇಂಡೆಕ್ಸ್ ಹಾಕಿದ್ವಿ, ಒಬ್ಬರಿಗೊಬ್ಬರು ಮುಖ ಗಂಟಿಕ್ಕಿದ್ವಿ. ಕೊನೆಗೆ ಅದು ಮಲಗಿದ ಹೊತ್ತಲ್ಲೇ ಪಿಜಿ ಟೆಸ್ಟ್ ಎಫ್‌ಸಿಂಕ್ ಓಡಿಸಿ ಮೊದಲ ದಿನದ ಫೈಲ್ ಪಕ್ಕ ಇಟ್ಟು ನೋಡಿದೆ. ಸಾವಿರಗಳಲ್ಲಿ ಇದ್ದದ್ದು ನೂರಕ್ಕೆ ಇಳಿದಿತ್ತು. ನೂರು ಅಂದ ಕೂಡಲೇ ತಿಳೀತು, ಇದು ತಿರುಗೋ ಡಿಸ್ಕಿನ ಬರಿಮೈ ವೇಗ. ರೈಡ್ ಕಾರ್ಡ್ ತನ್ನ ಬ್ಯಾಟರಿಯನ್ನ ಪರೀಕ್ಷಿಸೋಕೆ ನಿಗದಿತವಾಗಿ ಖಾಲಿ ಮಾಡಿ ಮತ್ತೆ ಚಾರ್ಜ್ ಮಾಡ್ತಿತ್ತು, ಅಷ್ಟು ಹೊತ್ತು ಸುರಕ್ಷತೆಗೆ ಅಂತ ಕ್ಯಾಶ್ ಮುಚ್ಚಿಡ್ತಿತ್ತು. ಆ ಪರೀಕ್ಷೆಯನ್ನ ಭಾನುವಾರ ಬೆಳಗಿನ ಜಾವಕ್ಕೆ ಹಾಕಿದ್ವಿ.

ಈಗ ಫಿಯೋ ಮಾಡಿದ ದೊಡ್ಡ ಫೈಲುಗಳನ್ನ ಅಳಿಸಿ, ಎಫ್‌ಎಸ್‌ಟ್ರಿಮ್ ಒಂದು ಸಲ ಓಡಿಸಿ ಆ ಜಾಗ ಖಾಲಿಯಾಯ್ತು ಅಂತ ಎಸ್‌ಎಸ್‌ಡಿಗೆ ತಿಳಿಸಿ, ಆಮೇಲೆ ಡೇಟಾ ತುಂಬೋಕೆ ಶುರು ಮಾಡಿ. ನಿಮ್ಮ ಎಫ್‌ಡೇಟಾಸಿಂಕ್ ಸಾಲಲ್ಲಿ ಎಷ್ಟು ಬಂತು, ಯಾವ ಥರದ ಡಿಸ್ಕ್ ಅಂತ ಕಮೆಂಟಲ್ಲಿ ಬರೀರಿ, ನಾನು ಒಂದೊಂದನ್ನೂ ಓದ್ತೀನಿ.