ಮುಖ್ಯಮಂತ್ರಿಯನ್ನೇ ಸೋಲಿಸಿದ ಪಾಯಿಂಟ್ ಗ್ರೇ

ಕೇಳುಗರಿಗೆ ನಮಸ್ಕಾರ.

ಪಕ್ಷ ಗೆದ್ದು ನಾಯಕರೇ ಸೋಲುವುದು ನಮಗೆ ಹೊಸದೇನಲ್ಲ. 2021ರಲ್ಲಿ ಮಮತಾ ಬ್ಯಾನರ್ಜಿ ನಂದಿಗ್ರಾಮದಲ್ಲಿ ಸೋತದ್ದು ನಿಮಗೆ ನೆನಪಿರುತ್ತದೆ. ಅದಕ್ಕೂ ಎಂಟು ವರ್ಷ ಮೊದಲು ಕೆನಡಾದಲ್ಲಿ ಹೀಗೇ ಆಗಿತ್ತು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ವ್ಯಾಂಕೂವರ್-ಪಾಯಿಂಟ್ ಗ್ರೇ ಎಂಬ ಕ್ಷೇತ್ರದಲ್ಲಿ. ಅಲ್ಲಿನ ಪ್ರಾಂತ ಎಂದರೆ ನಮ್ಮ ರಾಜ್ಯ ಇದ್ದ ಹಾಗೆ. ಪ್ರೀಮಿಯರ್ ಎಂದರೆ ಮುಖ್ಯಮಂತ್ರಿ. ಶಾಸಕರು ಅಲ್ಲೂ ಎಂಎಲ್‌ಎಗಳೇ.

ವ್ಯಾಂಕೂವರ್ ನಗರದ ಪಶ್ಚಿಮ ತುದಿಯಲ್ಲಿ, ಸಮುದ್ರಕ್ಕೆ ಅಂಟಿಕೊಂಡಿದೆ ಈ ಕ್ಷೇತ್ರ. ಒಂದು ಕಡೆ ಕೋಟ್ಯಧೀಶರ ಮನೆಗಳು. ಇನ್ನೊಂದು ಕಡೆ ಕಿಟ್ಸಿಲಾನೋ. 1960ರ ದಶಕದಲ್ಲಿ ಅದು ಹಿಪ್ಪಿಗಳ ಬೀಡು, ಈಗ ಬಾಡಿಗೆದಾರರು ಜಾಸ್ತಿ. ತುತ್ತತುದಿಯಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ. ಅದರ ಆವರಣ ನಗರದ ಆಡಳಿತಕ್ಕೆ ಸೇರಿಲ್ಲ. ಅಲ್ಲಿ ವಾಸಿಸುವವರಿಗೆ ವ್ಯಾಂಕೂವರ್ ಮೇಯರ್ ಚುನಾವಣೆಯಲ್ಲಿ ಮತ ಇಲ್ಲ, ಆದರೆ ಈ ಕ್ಷೇತ್ರದ ಎಂಎಲ್‌ಎ ಆರಿಸಲು ಇದೆ. ಹಣವಂತರು, ಬಾಡಿಗೆದಾರರು, ವಿದ್ಯಾರ್ಥಿಗಳು ಒಂದೇ ಮತಪಟ್ಟಿಯಲ್ಲಿ ಕೂತರೆ ಫಲಿತಾಂಶ ಊಹಿಸುವುದು ಕಷ್ಟವೇ, ಅಲ್ವಾ?

ಕ್ಷೇತ್ರ ಮೊದಲು ಚುನಾವಣೆ ಕಂಡದ್ದು 1933ರಲ್ಲಿ. ಆಗ ಇಲ್ಲಿಂದ ಮೂವರು ಎಂಎಲ್‌ಎಗಳು. 1966ರಿಂದ ಇಬ್ಬರು. 1991ರಿಂದ ಒಬ್ಬರೇ. ನಮ್ಮ ಹಿರಿಯರಿಗೂ ಇದು ಗೊತ್ತಿದ್ದ ಪದ್ಧತಿ. 1952 ಮತ್ತು 1957ರ ಚುನಾವಣೆಗಳಲ್ಲಿ ಮೈಸೂರು ರಾಜ್ಯದಲ್ಲೂ ದ್ವಿಸದಸ್ಯ ಕ್ಷೇತ್ರಗಳಿದ್ದವು. 1961ರಲ್ಲಿ ಕಾನೂನು ಮಾಡಿ ತೆಗೆದರು.

1966ರಲ್ಲಿ ಪ್ರಾಂತದಲ್ಲಿ ಬಲಪಂಥದ ಸೋಷಿಯಲ್ ಕ್ರೆಡಿಟ್ ಪಕ್ಷ ಮತ್ತೆ ಗೆದ್ದಿತು. ಆದರೆ ಅದೇ ಸರ್ಕಾರದ ಅಟಾರ್ನಿ ಜನರಲ್, ಅಂದರೆ ಅಲ್ಲಿನ ಕಾನೂನು ಮಂತ್ರಿ, ರಾಬರ್ಟ್ ಬಾನರ್ ಅವರನ್ನು ಪಾಯಿಂಟ್ ಗ್ರೇ ಸೋಲಿಸಿ ಮನೆಗೆ ಕಳಿಸಿತು. ಅವರು ಬೇರೆ ಕ್ಷೇತ್ರ ಹುಡುಕಿಕೊಂಡು, ಉಪಚುನಾವಣೆಯಲ್ಲಿ ಗೆದ್ದು ವಾಪಸ್ ಬಂದರು. ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ.

1986ರ ಫಲಿತಾಂಶ ಇನ್ನೂ ಮಜಾ. ಎರಡು ಸ್ಥಾನ, ಇಬ್ಬರೂ ಮಹಿಳೆಯರು, ಪಕ್ಷಗಳು ಮಾತ್ರ ಎದುರುಬದುರು. ಎಡಪಂಥದ ಎನ್‌ಡಿಪಿಯಿಂದ, ಅಂದರೆ ನ್ಯೂ ಡೆಮಾಕ್ರಟಿಕ್ ಪಕ್ಷದಿಂದ, ಡಾರ್ಲೀನ್ ಮಾರ್ಜಾರಿ, ಸೋಷಿಯಲ್ ಕ್ರೆಡಿಟ್‌ನಿಂದ ಕಿಮ್ ಕ್ಯಾಂಪ್‌ಬೆಲ್. ಈ ಕಿಮ್ ಕ್ಯಾಂಪ್‌ಬೆಲ್ಲೇ 1993ರಲ್ಲಿ ಕೆನಡಾದ ಮೊದಲ ಮಹಿಳಾ ಪ್ರಧಾನಿಯಾದರು.

1996ರಿಂದ ಇಲ್ಲಿ ಗಾರ್ಡನ್ ಕ್ಯಾಂಪ್‌ಬೆಲ್ ಅವರ ಕಾಲ. ಅಡ್ಡಹೆಸರು ಒಂದೇ ಆದರೂ ಕಿಮ್ ಅವರ ನೆಂಟರಲ್ಲ. ಅವರದು ಬಿ.ಸಿ. ಲಿಬರಲ್ ಪಕ್ಷ. ಹೆಸರು ಲಿಬರಲ್ ಆದರೂ ಬಲಕ್ಕೆ ವಾಲಿದ ಪಕ್ಷ. 2001ರಲ್ಲಿ ಪ್ರಾಂತದ 79 ಸ್ಥಾನಗಳಲ್ಲಿ 77 ಗೆದ್ದು ಅವರು ಪ್ರೀಮಿಯರ್ ಆದರು. ಅಷ್ಟು ಎತ್ತರಕ್ಕೆ ಹೋದವರನ್ನು ಕೆಳಗಿಳಿಸಿದ್ದು ಒಂದು ತೆರಿಗೆ. 2010ರಲ್ಲಿ ತಂದ ಎಚ್‌ಎಸ್‌ಟಿ, ನಮ್ಮ ಜಿಎಸ್‌ಟಿಯ ಜಾತಿಯದೇ. ಜನ ರೊಚ್ಚಿಗೆದ್ದರು, ಕ್ಯಾಂಪ್‌ಬೆಲ್ ರಾಜೀನಾಮೆ ಘೋಷಿಸಿದರು.

ಅವರ ಜಾಗಕ್ಕೆ ಬಂದವರು ಕ್ರಿಸ್ಟಿ ಕ್ಲಾರ್ಕ್. ಹಿಂದೆ ಎಂಎಲ್‌ಎ ಆಗಿದ್ದವರು, ಆಮೇಲೆ ರೇಡಿಯೋದಲ್ಲಿ ಮಾತಿನ ಕಾರ್ಯಕ್ರಮ ನಡೆಸುತ್ತಿದ್ದರು. ನಮ್ಮ ಕಸುಬಿನವರೇ ಅನ್ನಿ! ಪ್ರೀಮಿಯರ್ ಆದರೂ ಸದನದಲ್ಲಿ ಸೀಟು ಇರಲಿಲ್ಲ. 2011ರ ಮೇ ತಿಂಗಳಲ್ಲಿ ಪಾಯಿಂಟ್ ಗ್ರೇ ಉಪಚುನಾವಣೆಗೆ ನಿಂತರು. ಎದುರಾಳಿ ಎನ್‌ಡಿಪಿಯ ಡೇವಿಡ್ ಈಬಿ, ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ವಕೀಲ. ಕ್ಲಾರ್ಕ್ ಗೆದ್ದದ್ದು ಬರೀ 564 ಮತಗಳಿಂದ. ಅದೂ ಅವರ ಪಕ್ಷ 15 ವರ್ಷದಿಂದ ಹಿಡಿದಿಟ್ಟುಕೊಂಡಿದ್ದ ಕ್ಷೇತ್ರದಲ್ಲಿ.

2013ರ ಮೇ 14ರಂದು ಅದೇ ಇಬ್ಬರು ಮತ್ತೆ ಎದುರಾದರು. ಸಮೀಕ್ಷೆಗಳೆಲ್ಲ ಎನ್‌ಡಿಪಿ ಸರ್ಕಾರ ಬರುತ್ತದೆ ಎಂದಿದ್ದವು. ರಾತ್ರಿ ಎಣಿಕೆ ನೋಡಿದರೆ ಎಲ್ಲವೂ ತಲೆಕೆಳಗು. ಲಿಬರಲ್‌ಗಳಿಗೆ 85ರಲ್ಲಿ 49 ಸ್ಥಾನ, ಭರ್ಜರಿ ಬಹುಮತ. ಆದರೆ ಗೆಲ್ಲಿಸಿಕೊಟ್ಟ ನಾಯಕಿ ಸ್ವಂತ ಕ್ಷೇತ್ರದಲ್ಲಿ 1,063 ಮತಗಳಿಂದ ಸೋತರು. ಮೇ ತಿಂಗಳೆಂದರೆ ವಿಶ್ವವಿದ್ಯಾಲಯದ ಪಾಠಗಳು ಮುಗಿದು ಬಹಳ ವಿದ್ಯಾರ್ಥಿಗಳು ಊರಿಗೆ ಹೊರಟಿರುವ ಹೊತ್ತು. ಆದ್ದರಿಂದ ಇದನ್ನು ಸುಮ್ನೆ ಹುಡುಗರ ಮತ ಎಂದು ತಳ್ಳಿಹಾಕುವ ಹಾಗಿಲ್ಲ. ಬಾನರ್ ಅವರಿಗೆ ಮಾಡಿದ್ದನ್ನೇ ಪಾಯಿಂಟ್ ಗ್ರೇ ಮತ್ತೆ ಮಾಡಿತ್ತು. ಸರ್ಕಾರ ಯಾರದೇ ಇರಲಿ, ಇಲ್ಲಿನವರು ತಮ್ಮ ಲೆಕ್ಕ ತಾವು ಹಾಕುತ್ತಾರೆ ಎಂದೇ ನನಗನ್ನಿಸುತ್ತದೆ.

ನಮ್ಮಲ್ಲಾದರೆ ನಾಯಕರಿಗೆ ಎರಡು ಕಡೆ ನಿಲ್ಲುವ ದಾರಿ ಇದೆ. 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ ಗೆದ್ದರಲ್ಲ, ಹಾಗೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ವೆಸ್ಟ್‌ಸೈಡ್-ಕೆಲೋನಾ ಎಂಬಲ್ಲಿ ಆಗಷ್ಟೇ ಮತ್ತೆ ಗೆದ್ದಿದ್ದ ಸ್ವಪಕ್ಷದ ಎಂಎಲ್‌ಎ ಜಾಗ ಬಿಟ್ಟುಕೊಟ್ಟರು. ಜುಲೈ ಉಪಚುನಾವಣೆಯಲ್ಲಿ ಕ್ಲಾರ್ಕ್ ಅಲ್ಲಿಂದ ಸದನಕ್ಕೆ ಬಂದರು. ಪಾಯಿಂಟ್ ಗ್ರೇ ಕಡೆ ಮತ್ತೆ ತಿರುಗಲಿಲ್ಲ.

ಈಬಿ ಅಲ್ಲೇ ಉಳಿದರು. 2017ರಲ್ಲಿ ಅಟಾರ್ನಿ ಜನರಲ್ ಆದರು, 2022ರ ನವೆಂಬರ್‌ನಲ್ಲಿ ಪ್ರೀಮಿಯರ್. ಅಲ್ಲಿಗೆ ಈ ಒಂದೇ ಕ್ಷೇತ್ರದಿಂದ ಬಂದು ಆ ಕುರ್ಚಿಯಲ್ಲಿ ಕೂತವರು ಮೂವರಾದರು. 2024ರ ಅಕ್ಟೋಬರ್‌ನಲ್ಲಿ ಪಾಯಿಂಟ್ ಗ್ರೇ ಈಬಿಯವರನ್ನು ಮತ್ತೆ ಆರಿಸಿತು. ಅವರಿಗೆ ನಿದ್ದೆ ಕೆಡಿಸಿದ್ದು ಸರ್ರೆ-ಗಿಲ್ಡ್‌ಫರ್ಡ್ ಎಂಬ ಇನ್ನೊಂದು ಕ್ಷೇತ್ರ. ಮರುಎಣಿಕೆಯಾದ ಮೇಲೆ ಅಲ್ಲಿ ಎನ್‌ಡಿಪಿ 22 ಮತಗಳಿಂದ ಗೆದ್ದಿತು. 93 ಸ್ಥಾನಗಳ ಸದನದಲ್ಲಿ ಅವರ ಪಕ್ಷಕ್ಕೆ ಸಿಕ್ಕಿದ್ದು ಬಹುಮತಕ್ಕೆ ಬೇಕಾದಷ್ಟೇ, ಸರಿಯಾಗಿ 47.

ನಮಸ್ಕಾರ.