ಜಾಲರಿ ಯಾರನ್ನು ತಡೆಯಬೇಕು?

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ನಿಂತು ಗೂಡಿನ ಬಗ್ಗೆ ಮಾತಾಡಲು ನನಗೆ ಸ್ವಲ್ಪ ಅಳುಕು. ಇದು ರೇಷ್ಮೆಯ ಊರು, ಗೂಡು ಅಂದ ಕೂಡಲೇ ರೇಷ್ಮೆಗೂಡು ಅಂದುಕೊಂಡು ಕೆಜಿಗೆ ಎಷ್ಟು ಅಂತ ಕೇಳುತ್ತೀರಿ, ಅಲ್ವಾ? ನನ್ನದು ಹಕ್ಕಿಗೂಡು. ಅಂಗಳದಲ್ಲಿ, ಬೇವಿನ ಮರದ ನೆರಳಲ್ಲಿ ಕಟ್ಟುವ ದೊಡ್ಡ ಗೂಡು.

ಮೊದಲೇ ಒಂದು ಮಾತು. ನಮ್ಮ ಕಡೆಯ ಹಸಿರು ಗಿಳಿಯನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ. ನಾನು ಹೇಳುತ್ತಿರುವುದು ಬಡ್ಜಿ, ಕಾಕಟೀಲ್, ಫಿಂಚ್‌ನಂಥ ಹೊರದೇಶದ ಸಾಕುಹಕ್ಕಿಗಳ ಬಗ್ಗೆ. ನಾವು ಸುಮ್ನೆ ಲವ್‌ಬರ್ಡ್ಸ್ ಅಂತ ಕರೆಯುವುದು ಹೆಚ್ಚಾಗಿ ಬಡ್ಜಿಯನ್ನೇ. ಅದರ ಊರು ಆಸ್ಟ್ರೇಲಿಯಾ. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು.

ನನ್ನ ಮೊದಲ ಗೂಡಿಗೆ ಕೋಳಿ ಜಾಲರಿ ಹೊದಿಸಿದ್ದೆ. ಆರು ಮೂಲೆಯ ಕಣ್ಣಿನದು, ಒಂದು ಇಂಚಿನದು. ಹಕ್ಕಿ ಹೊರಗೆ ಹೋಗಲ್ಲ, ಇನ್ನೇನು ಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ನೋಡಿದರೆ ಆರು ಬಡ್ಜಿಗಳಲ್ಲಿ ನಾಲ್ಕೇ ಇದ್ದವು. ಅವೂ ಸದ್ದಿಲ್ಲದೆ ಒಂದೇ ಮೂಲೆಗೆ ಅಂಟಿಕೊಂಡು ಕೂತಿದ್ದವು. ಮಡಕೆಯ ಹಿಂದೆ ಒಂದು ಮರಿ ಕೇರೆಹಾವು. ಹೊಟ್ಟೆಯಲ್ಲಿ ಎರಡು ಗಂಟು. ಬಂದ ಕಿಂಡಿಯಲ್ಲೇ ತಲೆ ತೂರಿಸುತ್ತದೆ, ಗಂಟು ಅಡ್ಡ ಬರುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಹಾವು ಹಿಡಿಯುವವರು ಬರುವ ತನಕ ಅದನ್ನೇ ನೋಡುತ್ತಾ ಕೂತೆ. ನಾನು ಹಕ್ಕಿ ಹೊರಗೆ ಹೋಗದ ಹಾಗೆ ಕಟ್ಟಿದ್ದೆ. ಬೇರೆಯವರು ಒಳಗೆ ಬರದ ಹಾಗೆ ಕಟ್ಟಿರಲಿಲ್ಲ.

ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಬೆಸುಗೆ ಹಾಕಿ ಮಾಡಿದ ಜಾಲರಿ ತನ್ನಿ. ಗೇಜು 16 ಇದ್ದರೆ ಒಳ್ಳೆಯದು. ಗೇಜಿನ ಸಂಖ್ಯೆ ಕಡಿಮೆಯಾದಷ್ಟು ತಂತಿ ದಪ್ಪ, ಅಂಗಡಿಯಲ್ಲಿ ಇದು ನೆನಪಿರಲಿ. ಅರ್ಧ ಇಂಚು ಇಲಿಯನ್ನು, ಬಹುತೇಕ ಹಾವುಗಳನ್ನು ತಡೆಯುತ್ತದೆ. ಸುಂಡಿಲಿ ಮಾತ್ರ ಹೇಗೋ ನುಸುಳುತ್ತದೆ. ಅದಕ್ಕೆ ಕೆಳಗಿನ ಎರಡು ಅಡಿಗೆ ಕಾಲು ಇಂಚಿನದು ಹಾಕಿ. ಹೊಸ ತಂತಿಯ ಮೇಲೆ ಸತುವಿನ ಪುಡಿ ಇರುತ್ತದೆ. ಬಡ್ಜಿ ತಂತಿ ಕಚ್ಚುತ್ತಲೇ ಇರುತ್ತದೆ, ಸತು ಅದಕ್ಕೆ ವಿಷ. ವಿನಿಗರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ನೀರಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ ಆಮೇಲೆ ಬಿಗಿಯಿರಿ.

ಕಂಬಕ್ಕೆ ಹಳೆ ದ್ರಾಕ್ಷಿ ಚಪ್ಪರದ ಕಲ್ಲು ಸಾಲದಾ ಅಂತ ಕೇಳುವವರಿದ್ದಾರೆ. ಗಟ್ಟಿಯೇನೋ ಹೌದು. ಆದರೆ ಕಲ್ಲು ಒರಟು, ಮೆಶ್‌ಗೂ ಅದಕ್ಕೂ ನಡುವೆ ಸಂದು ಉಳಿಯುತ್ತದೆ. ಇಲಿಗೆ ಅಷ್ಟೇ ಸಾಕು. ಕಬ್ಬಿಣದ ಆಂಗಲ್ ವಾಸಿ.

ಇನ್ನು ಬುಡ. ಹೆಗ್ಗಣ, ನಾಯಿ ಎಲ್ಲ ತೋಡಿಕೊಂಡು ಬರುವುದು ಇಲ್ಲಿಂದಲೇ. ಮೆಶ್ಶನ್ನು ನೆಲಕ್ಕೆ ಬಂದಲ್ಲಿ ಹೊರಕ್ಕೆ ಮಡಿಸಿ, ಒಂದೂವರೆ ಅಡಿ ಹಾಸಿ, ಮೇಲೆ ಮಣ್ಣು ಮುಚ್ಚಿ. ಹೆಗ್ಗಣ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ತಂತಿ ಸಿಗುತ್ತದೆ. ಒಂದೂವರೆ ಅಡಿ ಹಿಂದಕ್ಕೆ ಹೋಗಿ ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯಲ್ಲ.

ಬೆಕ್ಕು ಒಳಗೆ ಬರಬೇಕಾಗಿಯೇ ಇಲ್ಲ. ರಾತ್ರಿ ಜಾಲರಿಗೆ ಹಾರುತ್ತದೆ. ಹಕ್ಕಿ ಗಾಬರಿಯಾಗಿ ಕತ್ತಲಲ್ಲಿ ಅದೇ ಜಾಲರಿಗೆ ಬಂದು ಕಚ್ಚಿಕೊಳ್ಳುತ್ತದೆ. ಬೆಕ್ಕು ಉಗುರು ತೂರಿಸಿ ಹಕ್ಕಿಯ ಕಾಲು ಎಳೆದರೆ ಮುಗಿಯಿತು. ಹಗಲಲ್ಲಿ ಶಿಕ್ರಾ ಗಿಡುಗನದೂ ಇದೇ ಆಟ. ಅದಕ್ಕೇ ಎರಡು ಪದರ ಮೆಶ್, ನಡುವೆ ಎರಡು ಇಂಚು ಜಾಗ. ಇಡೀ ಗೂಡಿಗೆ ದುಡ್ಡು ಸಾಲದಿದ್ದರೆ ಹಕ್ಕಿ ಮಲಗುವ ಮೂಲೆಗಾದರೂ ಮಾಡಿ. ಆ ಮೂಲೆಗೆ ಮೂರು ಕಡೆ ಮತ್ತು ಮೇಲೆ ಶೀಟು ಇರಲಿ, ಕೂರುವ ಕೋಲು ಜಾಲರಿಯಿಂದ ದೂರ ಇರಲಿ. ಕಾಕಟೀಲ್‌ಗೆ ರಾತ್ರಿ ಗಾಬರಿ ಜಾಸ್ತಿ. ಮಂದ ಬೆಳಕಿನ ಒಂದು ಬಲ್ಬ್ ಉರಿಯಲಿ.

ಬಾಗಿಲಿನ ಪಾಠ ನಿಮಗೆ ಬೇಡವೇ ಬೇಡ. 1980ರಲ್ಲಿ ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಹುಳು ಮನೆಗೆ ನೈಲಾನ್ ಪರದೆ, ಮುಂದೊಂದು ಸಣ್ಣ ಕೋಣೆ, ಎರಡು ಬಾಗಿಲು ಎಲ್ಲ ಬಂದವು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯುವುದು. ಇಲ್ಲೂ ಅದನ್ನೇ ಮಾಡಿ. ಅಲ್ಲಿ ನೊಣ ಒಳಗೆ ಬರಬಾರದು, ಇಲ್ಲಿ ಹಕ್ಕಿ ಹಾರಿ ಹೋಗಬಾರದು. ಇರುವೆ ಹತ್ತದ ಹಾಗೆ ಹುಳುವಿನ ಸ್ಟ್ಯಾಂಡಿನ ಕಾಲಡಿ ನೀರಿನ ಬಟ್ಟಲು ಇಡುತ್ತೀರಲ್ಲ, ಕಾಳಿನ ಸ್ಟ್ಯಾಂಡಿಗೂ ಅದೇ ಇಡಿ. ನಂದಿ ಬೆಟ್ಟದ ಕಡೆಯವರು ಬರೀ ಚಿಲಕ ನಂಬಬೇಡಿ. ಕೋತಿ ನಮಗಿಂತ ಬೇಗ ತೆಗೆಯುತ್ತದೆ. ಬೀಗ ಹಾಕಿ.

ಸಂಜೆ ಉಳಿದ ನವಣೆ, ಸಜ್ಜೆ ಎತ್ತಿಡಿ, ಕೆಳಗೆ ಚೆಲ್ಲಿದ್ದನ್ನು ಗುಡಿಸಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ನನ್ನ ಮನೆಗೆ ಆ ಕೇರೆಹಾವನ್ನು ಕರೆದದ್ದು ನಾನೇ ಅಂತ ಆಮೇಲೆ ಗೊತ್ತಾಯಿತು.

ಮೇಜಿನ ಮೇಲೆ ಎರಡು ತುಂಡು ಮೆಶ್ ಇಟ್ಟಿದ್ದೇನೆ. ಎರಡಕ್ಕೂ ಹೆಬ್ಬೆರಳು ತೂರಿಸಿ ನೋಡಿ. ಹೋಗುವುದು ನನ್ನ ಹಳೆ ಗೂಡಿನದು. ಅಂಚು ಚೂಪಾಗಿದೆ, ಜೋಪಾನ.